ಅದೇ ನೀಲಿ ಲುಂಗಿ

ವಾಮದಪದವಿನ ಬಸ್‌ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದು ಕುಳಿತಿದ್ದ ಫಾಯಿಝಾ, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರಿಗೆ ಆಶ್ರಯ ಕೊಡುವ ಮನೆಯ ಅಡುಗೆಯವಳು. ಆ ಮನೆಗೆ ಬೋರ್ಡಿಲ್ಲ. ಪಕ್ಕದಲ್ಲಿ ಆ ಮನೆಯ ನೆರೆಯವಳಾದ ಕಾಂತಿ ತನ್ನ ಅತ್ತಿಗೆಯೊಡನೆ ಅದೇ ಮನೆಯ ಮಾತೆತ್ತಿದಾಗ ಫಾಯಿಝಾ ಗುರುತು ಸಿಗದಂತೆ ಮುಖ ತಿರುಗಿಸಿ ಕಿವಿಗೊಟ್ಟಳು.

“ಮೇಲೆ ಇನ್ನೊಂದು ಮಾಳಿಗೆ ಏರಿಸ್ತಿದ್ದಾರೆ ಅತ್ತಿಗೆ. ಕೇಳಿದರೆ ಒಂದೇ ಕುಟುಂಬವಂತೆ!”

“ಇರಬಹುದು. ಗಂಡಸರ ಲುಂಗಿ ಒಣಗ್ತಾ ಉಂಟಲ್ಲ?”

“ಎಂತ ಲುಂಗಿ! ಎರಡು ತಿಂಗಳಿಂದ ಅದೇ ನೀಲಿ ಲುಂಗಿ, ಅದೇ ಹಗ್ಗ. ಮಳೆ ಬಂದರೂ ತೆಗೆಯುವವರಿಲ್ಲ.”

“ನಿನಗೆ ಲುಂಗಿ ಕಾಯುವ ಕೆಲಸವಾ ಮಾರಾಯ್ತಿ?”

“ನಗಬೇಡಿ. ನಿನ್ನೆ ಮೂಡಬಿದ್ರೆಯವನೊಬ್ಬ ಹೆಂಡತಿಯ ಫೋಟೊ ಹಿಡಿದು ಹುಡುಕ್ತಿದ್ದ. ನಾಳೆ ಪುನಃ ಬರ್ತಾನಂತೆ. ಆ ಮನೆ ತೋರಿಸ್ತೇನೆ.”

“ನಮಗ್ಯಾಕೆ ಅದೆಲ್ಲ?”

“ಒಳಗೆ ಎಂತ ನಡೀತದೆ ಅಂತ ಗೊತ್ತಾಗಲಿ.”

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಫಾಯಿಝಾ ಆಶ್ರಯಮನೆ ನೋಡಿಕೊಳ್ಳುವ ಅಕ್ಕನಿಗೆ ಫೋನು ಮಾಡಿದಳು.

“ಅಕ್ಕಾ, ಮೂಡಬಿದ್ರೆಯ ಸಾತ್ವಿಕಾಳನ್ನು ಇವತ್ತೇ ಬೇರೆ ಕಡೆ ಕಳಿಸುವ. ಗಂಡ ಇಲ್ಲಿವರೆಗೆ ಬಂದಿದ್ದಾನೆ. ತಪ್ಪು ನನ್ನದೇ. ಲುಂಗಿ ನೇತು ಹಾಕಿದರೆ ಸಾಕು ಅಂತ ಎಣಿಸಿದ್ದೆ. ಅದನ್ನು ದಿನಾ ಒಗೆಯಬೇಕಿತ್ತು.”