ಪುರಭವನದ ಚಾವಣಿಯ ಮೊಳೆ

ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಬಡಗಿ ವೆಂಡೆಲಿನ್‌ಗೆ ಆದದ್ದು ಇದು. ಆತ ಸುಳ್ಳಾಡಿದ್ದನ್ನು ನಾನು ಕಂಡಿಲ್ಲ.

ಚಾವಣಿ ಕೆಲಸ ಮುಗಿದ ರಾತ್ರಿ ಅದರ ಔತಣ ಉಂಡು, ಹೆಂಡತಿಯ ತಮ್ಮ ಕಿಲಿಯಾನ್ ಜೊತೆ ಚೌಕದ ಬಾವಿ ದಾಟಿ ಮನೆಗೆ ಹೊರಟಿದ್ದ. ಎದುರಿಗೆ ಪುರಭವನ. ಕೆಳಗೆ ರೊಟ್ಟಿ ಮಾರುವವರು ಕೂರುವ ಕಲ್ಲಿನ ಕಮಾನುಗಳು, ಮೇಲೆ ಓಕ್ ತೊಲೆಗಳ ನಡುವೆ ಮಣ್ಣು ಮೆತ್ತಿದ ಗೋಡೆ. ನಾನೂರು ವರ್ಷದಲ್ಲಿ ಎರಡು ಸಲ ಬೆಂಕಿ ಕಂಡರೂ ಬಿದ್ದಿರಲಿಲ್ಲ. ಈಗ ಅದರ ಕೊಳೆತ ಚಾವಣಿಯನ್ನು ಇವರಿಬ್ಬರೇ ಹೊಸದು ಮಾಡಿದ್ದರು.

ವೆಂಡೆಲಿನ್ ಚಾವಣಿಯನ್ನೇ ನೋಡುತ್ತ ನಡೆದ. ಮಧ್ಯಾಹ್ನ ಪದ್ಧತಿಯಂತೆ ಚಾವಣಿಯ ನೆತ್ತಿಯಲ್ಲಿ ನಿಂತು, ಕಟ್ಟಡವನ್ನು ಹರಸಿ, ವೈನ್ ಕುಡಿದು ಲೋಟ ಎಸೆದಿದ್ದ. ಅದು ಒಡೆಯಬೇಕು. ಒಡೆಯಲಿಲ್ಲ... ಟಣ್ ಎಂದು ಕಲ್ಲಿಗೆ ಬಡಿದು ಉರುಳಿತು. ಹಾಗಾದರೆ ಕಟ್ಟಡ ಒಂದು ಜೀವ ಕೇಳುತ್ತದೆ ಎನ್ನುತ್ತಾರೆ ಬಡಗಿಗಳು. ನಾಳೆ ಚಾವಣಿಯ ಪುಟ್ಟ ಗೋಪುರದಲ್ಲಿ ಗಂಟೆ ತೂಗುಹಾಕಲು ಮೇಲೆ ಹತ್ತುವವನು ಕಿಲಿಯಾನ್.

"ಇನ್ನೂ ಅದೇ ಯೋಚ್ನೇನಾ ಭಾವ? ಆಮೇಲೆ ಆ ಲೋಟ ನಾನೇ ತುಳಿದು ಪುಡಿ ಮಾಡಿದ್ನಲ್ಲ!"

"ಸುಮ್ನಿರು... ಕೇಳು."

ಟೊಕ್... ಟೊಕ್... ಟೊಕ್...

ಮೇಲೆ, ಚಾವಣಿಯೊಳಗೆ. ಮರದ ಮೊಳೆಗೆ ಕೊಡತಿ ಬೀಳುವ ಸದ್ದು.

"ಪುರಸಭೆಯೋರು ಹಗಲಲ್ಲೇ ಕೆಲಸ ಮಾಡಲ್ಲ, ರಾತ್ರಿ ಮಾಡ್ತಾರಾ?" ಎಂದ ಕಿಲಿಯಾನ್. ಹಾಗಂದರೂ ಭಾವನ ಹತ್ತಿರ ಸರಿದ.

ಪೊಳ್ಳು ಸದ್ದು ಏಟಿನಿಂದ ಏಟಿಗೆ ಗಟ್ಟಿಯಾಯಿತು. ಟಕ್... ಟಕ್. ನಿಂತಿತು.

"ಮೊಳೆ ಕೂತಿತು," ಎಂದು ಪಿಸುಗುಟ್ಟಿದ ವೆಂಡೆಲಿನ್. ಬಾಗಿಲಿಗೆ ಬೀಗ ಹಾಕಿದ್ದವನು ಅವನೇ. ಬೀಗದಕೈ ಅವನ ಜೇಬಿನಲ್ಲಿತ್ತು.

ಈಗ ಹೆಜ್ಜೆ. ಮರದ ಮೆಟ್ಟಿಲು ಕಿರ್ರ್ ಎಂದಿತು. ಒಂದೊಂದಾಗಿ ಇಳಿಯಿತು... ಇಳಿಯಿತು... ಬಾಗಿಲ ಹಿಂದೆ ಬಂದು ನಿಂತಿತು. ಹಲಗೆಯ ಆಚೆ ಯಾರೋ ಉಸಿರು ಬಿಡುತ್ತಿದ್ದರು. ದಣಿದವರ ಉಸಿರು.

"ಭಾವ, ಓಡೋಣ..."

"ಅಲುಗಾಡಬೇಡ. ಪ್ರಾರ್ಥನೆ ಹೇಳು."

ಕಿಲಿಯಾನ್‌ಗೆ ಪ್ರಾರ್ಥನೆಯ ಮೊದಲ ಸಾಲೂ ನೆನಪಾಗಲಿಲ್ಲ. ವೆಂಡೆಲಿನ್ ಅವನ ತೋಳು ಬಿಗಿಹಿಡಿದು ಇಬ್ಬರ ಪಾಲಿನದನ್ನೂ ತಾನೇ ಹೇಳಿದ. ಆಮೆನ್ ಎನ್ನುವಾಗ ಹೆಜ್ಜೆ ತಿರುಗಿ ಮೇಲೇರಿತು. ಆಮೇಲೆ ಏನೂ ಇಲ್ಲ. ಬಾವಿಯಲ್ಲಿ ನೀರು ತೊಟ್ಟಿಕ್ಕುವುದಷ್ಟೇ ಕೇಳಿಸುತ್ತಿತ್ತು.

ಬೆಳಿಗ್ಗೆ ಕಿಲಿಯಾನನ್ನು ಕೆಳಗೇ ನಿಲ್ಲಿಸಿ ವೆಂಡೆಲಿನ್ ತಾನೇ ಹತ್ತಿದ. ಗಂಟೆಯ ಭಾರ ಹೊರುವ ತೊಲೆಯ ಸಂದುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲ ಮೊಳೆಗಳೂ ಹೊಸ ಮರದವು, ಬಿಳಿ. ಒಂದು ಮಾತ್ರ ಹಳೆಯ ಬೆಂಕಿಯಲ್ಲಿ ಸುಟ್ಟಂತೆ ಇದ್ದಿಲಿನಷ್ಟು ಕಪ್ಪು.

"ಕಿಲಿಯಾನ್! ಗೋಪುರದ ಬುಡದ ಸಂದಿಗೆ ಈ ಹಳೇ ಮೊಳೆ ಯಾಕೋ ಹೊಡೆದೆ?"

ಕೆಳಗೆ ಕಿಲಿಯಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಭಾವ... ಅಲ್ಲಿ ನಾನು ಮೊಳೇನೇ ಹೊಡೆದಿಲ್ಲ. ಔತಣಕ್ಕೆ ಹೊತ್ತಾಯ್ತು ಅಂತ... ನೀವು ಹೊಡೀತೀರಿ ಅಂದ್ಕೊಂಡೆ."

ಗಂಟೆ ಮೇಲೇರಿತು, ತೊಲೆ ಭಾರ ತಡೆಯಿತು. ಕಿಲಿಯಾನ್ ಎಂಬತ್ತೊಂದು ವರ್ಷ ಬದುಕಿದ. ಆ ಮೊಳೆಯನ್ನು ಯಾರೂ ಕೀಳಲಿಲ್ಲ.

ನಂಬದಿದ್ದರೆ ಬಿಡಿ. ನಾನೇ ಹತ್ತಿ ಮುಟ್ಟಿದ್ದೇನೆ, ದೇವರಾಣೆ. ಜುಲೈ ತಿಂಗಳು, ಹೆಂಚು ಕಾದು ಸುಡುತ್ತಿತ್ತು. ಮೊಳೆ ಮಾತ್ರ, ದುಡಿದವನ ಅಂಗೈ ಬೆವರಿದಂತೆ, ಒದ್ದೆಯಾಗಿತ್ತು. ಕರವಸ್ತ್ರದಿಂದ ಒರೆಸಿದೆ... ಮತ್ತೆ ಒದ್ದೆಯಾಯಿತು.