ಒಂದಕ್ಷರದ ಬಾಣಂತನ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ದವಡೆ ಒತ್ತಿಹಿಡಿದು ಕೂತಿದ್ದ ದರ್ಜಿ ಹೆಂಗಸಿಗೆ ತನ್ನ ನೋವು ಮರೆತೇಹೋಗಿತ್ತು. ಪಕ್ಕದ ಬೆಂಚಿನಲ್ಲಿ ಲೈಬ್ರರಿ ನೋಡಿಕೊಳ್ಳುವ ಅಕ್ಕ ತನ್ನ ತಮ್ಮನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಪುಕ್ಕಟೆ ಸಾಫ್ಟ್‌ವೇರ್ ಹಾಕ್ಕೋ, ಅದರ ಕನ್ನಡ ಕೈಪಿಡಿ ತಿದ್ದೋರು ನಾವೇ ಅಂದೋನು ನೀನು.”

“ಹೌದಕ್ಕ.”

“ಕೈಪಿಡೀಲಿ ‘ಕೆಲಸ ಮುಗಿದ ಮೇಲೆ ಅಳಿಸಿ ಬಟನ್ ಒತ್ತಿ’ ಅಂತಿತ್ತು. ಒತ್ತಿದೆ. ನಾಲ್ಕು ಸಾವಿರ ಪುಸ್ತಕದ ಪಟ್ಟಿ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಅದು ‘ಉಳಿಸಿ’ ಅಂತಾಗ್ಬೇಕು. ಒಂದೇ ಅಕ್ಷರ. ನಾನು ತಿದ್ದಿ ಕಳಿಸಿ ಮೂರು ತಿಂಗಳಾಯ್ತು.”

“ಮೂರು ತಿಂಗಳು ಆ ಅಕ್ಷರಕ್ಕೆ ಬಾಣಂತನ ಮಾಡ್ತಿದ್ರಾ?”

“ಚರ್ಚೆ ನಡೀತಿದೆ. ನಮ್ಮ ಗುಂಪಿನ ಹನ್ನೊಂದು ಜನ ಒಪ್ಪಬೇಕು. ಒಬ್ಬರು ‘ಕಾಪಾಡಿ’ ಅಂತ ಹಾಕೋಣ ಅಂದ್ರು.”

“ಕಾಪಾಡಿ ಅಂತ ನಾನು ಬಾಯಿ ಬಡ್ಕೊಂಡಾಗ ಒಬ್ಬರೂ ಬರ್ಲಿಲ್ಲವಲ್ಲೋ!”

ನಗಲು ಹೋದ ದರ್ಜಿಗೆ ಹಲ್ಲು ಚುಳುಕ್ ಎಂದಿತು.

ತಮ್ಮನ ಫೋನು ಟಿಣ್ ಎಂದಿತು. “ನೋಡು, ಗುಂಪಿಂದ ಉತ್ತರ ಬಂತು! ‘ನಿಮ್ಮ ತಿದ್ದುಪಡಿಯನ್ನು ಯಶಸ್ವಿಯಾಗಿ...’” ಅಲ್ಲಿಗೇ ಅವನ ದನಿ ಉಡುಗಿತು.

“ಮುಂದೆ ಓದಪ್ಪ.”

“‘...ಅಳಿಸಲಾಗಿದೆ.’”

“ಅಂದ್ರೆ? ಉಳಿಸಿದ್ರೋ, ಅಳಿಸಿದ್ರೋ?”

“ಗೊತ್ತಾಗ್ತಿಲ್ಲ. ಈ ಸಂದೇಶಕ್ಕೂ ಒಂದು ತಿದ್ದುಪಡಿ ಕಳಿಸ್ಬೇಕು.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ತಮ್ಮನ ಸರದಿ ಕೂಗಿದಳು. ಅವನಿಗಿಂತ ಮೊದಲು ಅಕ್ಕ ಎದ್ದಳು.

“ನೀನ್ಯಾಕೆ ಒಳಗೆ?”

“ನೀನು ಸುಮ್ನೆ ಬಾಯಿ ತೆಗಿ. ಹಲ್ಲು ಉಳಿಸಿ ಅಂತ ಹೇಳೋಕೆ ನಾನಿರ್ತೀನಿ.”