ಲೇಸರಿಗೆ ಸಿಗದ ಬಿಳಿ ಕೂದಲು

ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೀಚರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ತಮ್ಮ ಸರದಿ ಕಾಯುತ್ತಿದ್ದರು. ಗಲ್ಲದ ಕೂದಲು ತೆಗೆಸಲು ಇದೇ ಮೊದಲ ಸಲ ಬಂದಿದ್ದರು. ಅಷ್ಟರಲ್ಲಿ ಒಳಗಿನಿಂದ ವಯಸ್ಸಾದ ಟೈಲರಮ್ಮ ಹೊರಬಂದು, ಎದುರಿನ ಬೆಂಚಿನಲ್ಲಿ ಕಾದಿದ್ದ ತಂಗಿಯ ಪಕ್ಕ ಕುಸಿದು ಕೂತರು.

“ಏನಂದ್ರಕ್ಕ?”

“ಬಿಳಿ ಕೂದಲಿಗೆ ಲೇಸರ್ ಹಿಡಿಯಲ್ವಂತೆ. ಕಪ್ಪಗಿದ್ದಾಗಲೇ ಬರಬೇಕಿತ್ತಂತೆ.”

“ಒಂದೇ ಕೋಣೇಲಿ ಮಲಗ್ತೀವಿ. ಇವತ್ತು ಬೆಳಿಗ್ಗೆ ತನಕ ನನಗೂ ಒಂದು ಮಾತು ಹೇಳಲಿಲ್ವಲ್ಲಕ್ಕ ನೀನು.”

“ಏನಂತ ಹೇಳ್ಲಿ? ದಿನಾ ನೀನು ಏಳೋದ್ರೊಳಗೆ ಬಚ್ಚಲ ಬಾಗಿಲು ಹಾಕ್ಕೊಂಡು ಬೋಳಿಸ್ಕೋತಿದ್ದೆ.”

“ಈ ವಯಸ್ಸಲ್ಲಿ ಇನ್ಯಾರು ನೋಡ್ತಾರೆ ಅಂತ ಬಂದೆ?”

“ನೋಡೋರಿಗಲ್ಲ ಕಣೇ. ನಾಳೆ ಹಾಸಿಗೆ ಹಿಡಿದ್ರೆ ಯಾರು ಬೋಳಿಸ್ತಾರೆ? ಗಡ್ಡ ಬಿಟ್ಕೊಂಡು ಸಾಯ್ಲಾ?”



“ನಾನಿಲ್ವಾ?”

“ನಿನ್ನ ಕೈ ನಡುಗುತ್ತೆ. ಮೂಗೇ ಕೊಯ್ದೀಯ.”

“ಕೊಯ್ದ್ರೆ ಹೊಲಿದುಬಿಡು. ಟೈಲರ್ ನೀನೇ ತಾನೆ?”

ಅಕ್ಕ ನಕ್ಕುಬಿಟ್ಟರು, ನಗುತ್ತಲೇ ಕಣ್ಣೊರೆಸಿಕೊಂಡರು. ತಂಗಿ ಕೈಹಿಡಿದು ಎಬ್ಬಿಸಿದರು. ಮಾಸ್ಕಿನೊಳಗೆ ಟೀಚರಿಗೂ ನಗು ಬಂತು. ಅವರ ಹಿಂದೆಯೇ ಎದ್ದು ಹೋಗಬೇಕು, ಏನಾದರೂ ಮಾತಾಡಬೇಕು ಅನ್ನಿಸಿತು. ಅಷ್ಟರಲ್ಲಿ ಅವರಿಬ್ಬರೂ ಮೆಟ್ಟಿಲಿಳಿದು ಹೋಗಿಬಿಟ್ಟಿದ್ದರು.

ಆಗಲೇ ಗಂಡನ ಫೋನ್ ಬಂತು.

“ಎಲ್ಲಿದೀಯ?”

“ಹಲ್ಲಿನ ಡಾಕ್ಟ್ರ ಹತ್ರ,” ಎಂದರು ಟೀಚರು, ದನಿ ತಗ್ಗಿಸಿ.